ತಿನ್ನುವ ಪುಡಿ

ಮಾರ್ಚ್ ೩, ಮಂಗಳವಾರ

ಇವತ್ತಿನಿಂದ ನನ್ನನ್ನು ಹಿಂದಿನ ಕೋಣೆಗೆ ಹಾಕಿದ್ದಾರೆ. ಹೋಟೆಲುಗಳಿಂದ ಬರುವ ಹಾಸು, ಹೊದಿಕೆ, ಟವೆಲುಗಳನ್ನು ದೊಡ್ಡ ಹಂಡೆಯಲ್ಲಿ ಕುದಿಸುವ ಕೆಲಸ. ಅದಕ್ಕೆ ತಲೆ ಬೇಡ, ತೋಳಿದ್ದರೆ ಸಾಕು. ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಕಲೆ ತೆಗೆಯುವ ಮೇಜಿದೆ. ಮದುವೆಯಾಗಿ ಈ ಲಾಂಡ್ರಿಗೆ ಕಾಲಿಟ್ಟಾಗಿನಿಂದ ಆ ಮೇಜು ನನ್ನದು. ಈಗ ಅಲ್ಲಿ ನನ್ನ ಓರಗಿತ್ತಿ ಇದ್ದಾಳೆ. ನಾನು ಇಷ್ಟು ವರ್ಷ ನಿಂತೇ ಕೆಲಸ ಮಾಡಿದೆ. ಅವಳು ಮೊದಲ ದಿನವೇ ಕುರ್ಚಿ ತರಿಸಿದಳು.

ನಮ್ಮವರು ಇದ್ದಿದ್ದರೆ ಅವರ ಹತ್ತಿರ ಹೇಳಿಕೊಳ್ಳುತ್ತಿದ್ದೆ. ಅವರು ಹೋದ ಮೇಲೆ ಈ ಮನೆಯಲ್ಲಿ ಉಳಿದವರು ಅತ್ತೆ, ಮೈದುನ, ಮೈದುನನ ಹೆಂಡತಿ. ಮೂವರ ಹತ್ತಿರವೂ ಹೇಳುವಂತಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. 

ಆಗಿದ್ದು ಇಷ್ಟು. ಒಬ್ಬ ಗಾಯಕಿ ತಮ್ಮ ರೇಷ್ಮೆ ನಿಲುವಂಗಿ ಕೊಟ್ಟಿದ್ದರು. ಮೊದಲ ಸಲ ವೇದಿಕೆ ಹತ್ತಿದಾಗ ತೊಟ್ಟಿದ್ದಂತೆ. ಕಂಕುಳಲ್ಲಿ ಹಳೆಯ ಬೆವರಿನ ಕಲೆ. ರೇಷ್ಮೆಗೆ ಹಾಕುವ ಸೋಪಿನ ಪುಡಿ ಹಾಕಿ, ಬೆಚ್ಚನೆ ನೀರಿನಲ್ಲಿ ಸ್ವಲ್ಪ ಹೆಚ್ಚು ಹೊತ್ತೇ ನೆನೆಸಿದೆ. ಎತ್ತಿ ನೋಡಿದರೆ ಬಟ್ಟೆ ಕೈಯಲ್ಲಿ ಬರುತ್ತಿದೆ! ಹಿಡಿದ ಕಡೆಯೆಲ್ಲ ಬೆರಳು ತೂರಿತು. ಮಾರನೆಯ ದಿನ ಗಾಯಕಿ ಕೌಂಟರಿನಲ್ಲಿ ನಿಂತು ಅತ್ತರು. ತೊಳೆದವರು ಯಾರೆಂದು ಕೇಳಿದರು. ಅಂಗಡಿ ತುಂಬ ಗಿರಾಕಿಗಳು. ನನ್ನ ಓರಗಿತ್ತಿ ಮೆತ್ತಗೆ, ಎಲ್ಲರಿಗೂ ಕೇಳುವಷ್ಟು ಮೆತ್ತಗೆ, ಹೇಳಿದಳು: "ನಮ್ಮಕ್ಕ ತೊಳೆದಿದ್ದು. ಈಚೆಗೆ ಅವರ ಕೈ ಅಷ್ಟು ಸರಿಯಿಲ್ಲ. ಕಣ್ಣೂ ಅಷ್ಟಕ್ಕಷ್ಟೇ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನ್ನ ಹೆಸರು ಹಾಗೆ ಹೋಯಿತು. ದೊಡ್ಡ ರಸ್ತೆಯಲ್ಲಿ ಮುಂದಿನ ತಿಂಗಳು ತೆರೆಯುವ ಹೊಸ ಅಂಗಡಿಯನ್ನು ನಾನು ನೋಡಿಕೊಳ್ಳಬೇಕೆಂದು ಮಾತಾಗಿತ್ತು. ಅದೂ ಈಗ ಅವಳಿಗೆ.

ಮಾರ್ಚ್ ೫, ಗುರುವಾರ

ನನ್ನ ಕೈ ಸರಿಯಾಗಿಯೇ ಇದೆ. ತಪ್ಪಿದ್ದು ಡಬ್ಬ.

ನಮ್ಮಲ್ಲಿ ಎರಡು ಪುಡಿ. ಒಂದು ರೇಷ್ಮೆ, ಉಣ್ಣೆಗಳಿಗೆ ಹಾಕುವ ಸಾಧಾರಣ ಸೋಪಿನ ಪುಡಿ. ಇನ್ನೊಂದಕ್ಕೆ ನಾವು ತಿನ್ನುವ ಪುಡಿ ಎನ್ನುತ್ತೇವೆ. ರಕ್ತ, ಹಾಲು, ಮೊಟ್ಟೆಯ ಕಲೆಗಳನ್ನು ಅದು ತಿಂದು ಹಾಕುತ್ತದೆ. ಹತ್ತಿಯನ್ನು ಮುಟ್ಟುವುದಿಲ್ಲ. ರೇಷ್ಮೆ ಸಿಕ್ಕರೆ ಮಾತ್ರ ರಕ್ತಕ್ಕೂ ಅದಕ್ಕೂ ವ್ಯತ್ಯಾಸ ನೋಡದೆ ತಿನ್ನುತ್ತದೆ. ಎರಡು ಪುಡಿಯೂ ಬಿಳಿ, ಎರಡಕ್ಕೂ ನೊರೆ. ಅದಕ್ಕೇ ಡಬ್ಬಗಳನ್ನು ಎದುರುಬದುರು ಗೋಡೆಗಳಲ್ಲಿ ಇಡುವುದು.

ಇವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ರೇಷ್ಮೆ ಡಬ್ಬದಿಂದ ಒಂದು ಚಮಚ ತಂದೆ. ಎರಡು ಲೋಟ ಬೆಚ್ಚನೆ ನೀರು. ಒಂದರಲ್ಲಿ ಹೊಸ ಪೊಟ್ಟಣದ ಸೋಪಿನ ಪುಡಿ, ಇನ್ನೊಂದರಲ್ಲಿ ಡಬ್ಬದ ಪುಡಿ. ಎರಡಕ್ಕೂ ಬೇಯಿಸಿದ ಮೊಟ್ಟೆಯ ಬಿಳಿಯ ಚೂರು ಹಾಕಿ ಹಂಡೆಯ ಪಕ್ಕದಲ್ಲಿ, ಬೆಚ್ಚಗಿರುವ ಕಡೆ ಇಟ್ಟೆ. ಸಂಜೆ ನೋಡಿದರೆ ಮೊದಲ ಲೋಟದ ಚೂರು ಹಾಗೇ ಇದೆ. ಎರಡನೆಯದರ ಅಂಚು ಕರಗಿ, ಲೋಳೆ ಲೋಳೆಯಾಗಿ, ನೀರು ಮಬ್ಬಾಗಿದೆ.

ಅತ್ತೆಗೆ ತೋರಿಸಿದೆ. ಅತ್ತೆ ಮುಂದಿನ ಕೋಣೆಯಲ್ಲಿ ಕೂತು ಕರವಸ್ತ್ರ ಮಡಿಸುತ್ತಾರೆ. ಅವರ ಕಣ್ಣಿಗೆ ಬೀಳದ್ದು ಏನೂ ಇಲ್ಲ. ಖಾಲಿಯಾಗುತ್ತಿದ್ದ ಒಂದು ಡಬ್ಬದ ತಳವನ್ನು ನನ್ನ ಓರಗಿತ್ತಿ ಇನ್ನೊಂದಕ್ಕೆ ಸುರಿದಿದ್ದನ್ನು ಅವರು ನೋಡಿದ್ದಾರಂತೆ. ಎರಡೂ ಒಂದೇ ಎಂದುಕೊಂಡಿರಬೇಕು ಎಂದರು. ಹಾಗಾದರೆ ಮಗನಿಗೆ ಹೇಳಿ ಎಂದೆ. "ನಾನು ಉಣ್ಣೋದು ಅವನ ಮನೇಲಿ ಕಣೇ" ಎಂದರು. ಆಮೇಲೆ ಒಂದು ಕರವಸ್ತ್ರ ಮಡಿಸಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಹೊಸದೇನಲ್ಲ, ಎಮ್ಮೆ ಸುಮ್ಮನಿರಬೇಕು ಎಂದರು.

ನಾನೇ ಮೈದುನನಿಗೆ ಹೇಳಿದೆ. ಲೋಟ ಮೂಗಿನ ಹತ್ತಿರ ಹಿಡಿದರೂ ಅವನು ನೋಡಲಿಲ್ಲ. ತೊಟ್ಟಿ ನಿಮ್ಮದು, ಕೈ ನಿಮ್ಮದು ಅತ್ತಿಗೆ, ಈಗ ಮೊಟ್ಟೆ ಇಟ್ಕೊಂಡು ಏನು ಮಾಡೋಣ ಎಂದ. ಅವಳು ಅವನ ಹಿಂದೆ ನಿಂತಿದ್ದಳು. ಒಂದು ಮಾತಾಡಲಿಲ್ಲ. ಅವಳಿಗೆ ಗೊತ್ತಾಗಿದೆ. ಆ ಮುಖ ನೋಡಿದರೆ ಸಾಕು.

ಎಮ್ಮೆ ಸುಮ್ಮನಿರುವುದಿಲ್ಲ.

ಮಾರ್ಚ್ ೧೦, ಮಂಗಳವಾರ

ಪುಡಿ ಮಾರುವವನು ಬಂದಿದ್ದ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವನು. ಯಾರಾದರೂ ಕೇಳಿದರೆ ಸಾಕು, ಮಾರಾಟ ಮರೆತು ಪಾಠಕ್ಕೆ ಕೂರುತ್ತಾನೆ. ನಾನು ಕೇಳಿದೆ. ತಿನ್ನುವುದು ಎಂದರೆ ನಿಜವಾಗಿ ಏನು?

ಅವನು ಬಾಯಿಗಿಂತ ಹೆಚ್ಚು ಕೈಯಲ್ಲಿ ಹೇಳಿದ. ಪುಡಿಯಲ್ಲಿರುವುದು ಕಿಣ್ವ. ಬಲಗೈಯನ್ನು ಬೋಗುಣಿಯಂತೆ ಬಾಗಿಸಿ, ಇದು ಕಿಣ್ವ ಎಂದ. ಇದರಲ್ಲೊಂದು ಗುಳಿ ಇದೆ. ಎಲ್ಲವೂ ಅಲ್ಲಿ ಕೂರುವುದಿಲ್ಲ; ಆ ಆಕಾರಕ್ಕೆ ಹೊಂದುವುದು ಮಾತ್ರ ಕೂರುತ್ತದೆ. ಎಡಗೈಯ ಹೆಬ್ಬೆರಳನ್ನು ಒಳಗಿಟ್ಟ. ಕೂತ ಕೂಡಲೇ ಬಲಗೈ ಸ್ವಲ್ಪ ಬಿಗಿಯಾಯಿತು. ಹೆಬ್ಬೆರಳು ಬಾಗಿತು. ಹೀಗೆ ಬಾಗಿಸಿ ಹಿಡಿದರೆ ಮುರಿಯುವುದು ಸುಲಭ, ಅಷ್ಟೇ ಇದರ ಕೆಲಸ ಎಂದ. ಮುರಿದ ಚೂರನ್ನು ಬಿಟ್ಟು, ಕೈ ಮೊದಲಿನಂತೆ ಖಾಲಿಯಾಗಿ, ಮುಂದಿನದಕ್ಕೆ ಸಿದ್ಧ. ತಾನು ಮಾತ್ರ ಸವೆಯುವುದಿಲ್ಲ. ಒಂದೇ ಕಿಣ್ವ ಲೆಕ್ಕವಿಲ್ಲದಷ್ಟು ಸಲ ಹಿಡಿದು ಮುರಿದು ಬಿಡುತ್ತದೆ.

ಹಾಗಾದರೆ ಆಗದೇ ಇರುವುದನ್ನು ಇದು ಮಾಡುತ್ತದೆಯೇ ಎಂದೆ. ಇಲ್ಲ ಎಂದ. "ಆಗೋದನ್ನೇ ಬೇಗ ಆಗೋ ಹಾಗೆ ಮಾಡುತ್ತೆ. ರೇಷ್ಮೆನೂ ಒಂದಲ್ಲ ಒಂದು ದಿನ ತಾನೇ ಮುರಿಯುತ್ತಮ್ಮಾ. ತಲೆಮಾರುಗಳು ಬೇಕು. ಇದಕ್ಕೆ ಒಂದು ಮಧ್ಯಾಹ್ನ ಸಾಕು."

ಇನ್ನೊಂದು ಮಾತು ಹೇಳಿದ. ತಣ್ಣೀರಿನಲ್ಲಿ ಅದು ಸೋಮಾರಿ, ಬೆಚ್ಚನೆಯಲ್ಲಿ ಚುರುಕು. ಕುದಿಸಿದರೆ ಆಕಾರ ಕೆಟ್ಟು ಸಾಯುತ್ತದೆ. ಹುಳಿ ನೀರು ಅದಕ್ಕಾಗದು. ಒಣಗಿದರೆ ಮಾತ್ರ ಸಾಯುವುದಿಲ್ಲ, ಮಲಗಿರುತ್ತದೆ. ನೆನೆದರೆ ಏಳುತ್ತದೆ.

ಆಗುವುದನ್ನೇ ಬೇಗ ಆಗುವಂತೆ ಮಾಡುವುದು. ಇದರಲ್ಲಿ ತಪ್ಪೇನಿದೆ?

ಮಾರ್ಚ್ ೧೪, ಶನಿವಾರ

ಅವಳು ಹಿಂದಿನ ಕೋಣೆಗೆ ಬಂದಳು. ಕೈಯಲ್ಲಿ ಅವಳ ನೀಲಿ ರೇಷ್ಮೆ ನಿಲುವಂಗಿ. ಅಂಗಡಿ ತೆರೆಯುವ ದಿನ ತೊಡಲು. ತವರಿನಿಂದ ಬಂದದ್ದು, ಅವಳ ಹತ್ತಿರ ಇರುವ ಒಂದೇ ಒಳ್ಳೆಯ ಬಟ್ಟೆ. ಕತ್ತಿನ ಹತ್ತಿರ ಎಂಥದೋ ಕಲೆ.

"ಅಕ್ಕ, ಇದನ್ನ ನೀವೇ ತೊಳೆದುಕೊಡಿ. ನನಗೆ ಧೈರ್ಯ ಬರ್ತಿಲ್ಲ."

ನಾಲ್ಕು ಜನರ ಮುಂದೆ ನನ್ನ ಕೈ ಸರಿಯಿಲ್ಲ. ತನ್ನ ಬಟ್ಟೆಗೆ ಮಾತ್ರ ನನ್ನ ಕೈಯೇ ಬೇಕು! ಕೆನ್ನೆಗೆ ಬಾರಿಸಿ ಕೈಗೆ ಮುತ್ತಿಟ್ಟಂತೆ. ಇಲ್ಲಿಡು ಎಂದಷ್ಟೇ ಹೇಳಿದೆ. ಅವಳು ಇನ್ನೂ ಏನೋ ಹೇಳಲು ನಿಂತಳು. ನಾನು ಹಂಡೆಯ ಕಡೆ ತಿರುಗಿದೆ. ಹೋದಳು.

ಆಮೇಲೆ ನಿಲುವಂಗಿಯನ್ನು ಒಳಹೊರಗು ಮಾಡಿ ನೋಡಿದೆ. ಹೊಲಿಗೆ ಚೆನ್ನಾಗಿದೆ. ಬಟ್ಟೆಯೂ ರೇಷ್ಮೆ, ಹೊಲಿದ ದಾರವೂ ರೇಷ್ಮೆ.

ಕಲೆಯನ್ನು ಈಗಲೇ ತೆಗೆದುಬಿಡಬಹುದು. ತೆಗೆಯುವುದಿಲ್ಲ. ಕೊನೆಯ ವಾರದಲ್ಲಿ ಕೊಡುತ್ತೇನೆ ಎಂದು ಹೇಳಿ ಕಳಿಸಿದೆ.

ಮಾರ್ಚ್ ೧೯, ಗುರುವಾರ

ಯೋಚನೆ ಪೂರ್ತಿಯಾಗಿದೆ. ಬಟ್ಟೆಯನ್ನು ಮುಟ್ಟುವುದಿಲ್ಲ. ತೂತು ಬಿದ್ದರೆ ಮೊದಲೇ ಕಾಣುತ್ತದೆ. ದಾರವೊಂದೇ. ಬೆನ್ನಿನ ಹೊಲಿಗೆ, ಎರಡು ಕಂಕುಳ ಹೊಲಿಗೆ. ತಿನ್ನುವ ಪುಡಿಯ ನೀರನ್ನು ಕುಂಚದಲ್ಲಿ ದಾರದ ಗುಂಟ ಬಳಿಯುವುದು. ಅರ್ಧ ತಿಂದ ಮೇಲೆ ಒಣಗಿಸುವುದು. ಪುಡಿ ಮಲಗುತ್ತದೆ. ಇಸ್ತ್ರಿಯ ಬಿಸಿ ಹೊಲಿಗೆಗೆ ತಗಲಬಾರದು. ಅಂಗಡಿ ತೆರೆಯುವ ದಿನ ಜನ, ಸೆಕೆ, ಬೆವರು. ಮೈಯ ಬಿಸಿಗೆ ಅದು ಏಳುತ್ತದೆ. ಅವಳು ರಿಬ್ಬನ್ ಕತ್ತರಿಸಲು ಕೈ ಎತ್ತುತ್ತಾಳೆ. ಊರ ಗಿರಾಕಿಗಳೆಲ್ಲ ನೋಡುತ್ತಿರುತ್ತಾರೆ.

ಸುಮ್ಮನೆ ಊಹೆಯಲ್ಲಿ ಕೆಲಸ ಮಾಡುವವಳಲ್ಲ ನಾನು. ಗಾಯಕಿ ಇಲ್ಲೇ ಬಿಟ್ಟುಹೋದ ಹಾಳಾದ ನಿಲುವಂಗಿಯ ಗಟ್ಟಿ ಅಂಚುಗಳು ಇನ್ನೂ ಇದ್ದವು. ಅವನ್ನು ರೇಷ್ಮೆ ದಾರದಲ್ಲೇ ಜೋಡಿ ಜೋಡಿಯಾಗಿ ಹೊಲಿದೆ. ಒಂದಕ್ಕೆ ತಣ್ಣೀರು, ಒಂದಕ್ಕೆ ಬೆಚ್ಚನೆ ನೀರು, ಒಂದಕ್ಕೆ ಕುದಿಸಿ ಆರಿಸಿದ್ದು. ಕುದಿಸಿದ್ದು ಏನೂ ಮಾಡಲಿಲ್ಲ. ತಣ್ಣೀರಿನದು ಇನ್ನೂ ಗಟ್ಟಿ. ಬೆಚ್ಚನೆಯದನ್ನು ಎಳೆದರೆ ಟಪ್ಪೆಂದು ಬಿಟ್ಟಿತು.

ಎಷ್ಟೋ ದಿನಗಳ ಮೇಲೆ ಊಟ ರುಚಿಸಿತು.

ಮಾರ್ಚ್ ೨೩, ಸೋಮವಾರ

ಮುಂದಿನ ಕೋಣೆಯ ಬಾಗಿಲಿನಿಂದ ಅವಳನ್ನು ಗಮನಿಸುತ್ತಿದ್ದೇನೆ. ಶತ್ರುವಿನ ವಿಷಯ ತಿಳಿದಿರಬೇಕಲ್ಲ. ಕಲೆಯ ಮೇಲೆ ಉಜ್ಜುತ್ತಾಳೆ, ಉಜ್ಜಬಾರದು. ಬಿಸಿನೀರು ಹಾಕಿ ರಕ್ತವನ್ನು ಬೇಯಿಸಿ ಕೂರಿಸುತ್ತಾಳೆ. ಗಿರಾಕಿ ಬಂದರೆ ಬಟ್ಟೆಗಿಂತ ಮೊದಲು ಅವರ ಮುಖ ನೋಡುತ್ತಾಳೆ, ಬೈಯುತ್ತಾರೋ ಎಂದು. ಮಧ್ಯಾಹ್ನ ಊಟಕ್ಕೆ ಏಳುವುದಿಲ್ಲ. ಹೋದ ವಾರದಲ್ಲಿ ಮೂರು ಸಲ ಹಾಗಾಯಿತು.

ಅವಳ ಬೆರಳುಗಳ ಮಧ್ಯೆ ಚರ್ಮ ಕಿತ್ತು ಕೆಂಪಾಗಿದೆ. ತಿನ್ನುವ ಪುಡಿಯನ್ನು ಬರಿಗೈಯಲ್ಲಿ ಕಲಸುತ್ತಾಳೆ. ನಮ್ಮ ಚರ್ಮವೂ ಅದಕ್ಕೆ ಊಟವೇ ಎಂದು ಯಾರು ಹೇಳಬೇಕು ಅವಳಿಗೆ? ನಾನಂತೂ ಅಲ್ಲ. ನೋಡಿ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ಮಾರ್ಚ್ ೨೫, ಬುಧವಾರ

ಅವಳ ಮೇಜಿನ ಮೇಲೆ ನನ್ನ ಹಳೆಯ ಕೈಗವಸು, ಎಣ್ಣೆ ಡಬ್ಬಿ ಇಟ್ಟು ಬಂದೆ. ಕಾರಣವಿದೆ. ಬೆರಳು ಒರಟಾಗಿದ್ದರೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ; ನಿಲುವಂಗಿ ತೊಡುವಾಗ ಎಲ್ಲಾದರೂ ಮೊದಲೇ ಹರಿದರೆ ನನ್ನ ಕೆಲಸವೆಲ್ಲ ನೀರುಪಾಲು.

ಮಾರ್ಚ್ ೨೬, ಗುರುವಾರ

ಪುಡಿ ನೀರು ಬಳಿದು ಒಣಗಿಸಿಟ್ಟ ಬಟ್ಟೆಯ ಜೋಡಿಯೊಂದನ್ನು ಇವತ್ತು ನನ್ನ ಕಂಕುಳಲ್ಲಿ ಇಟ್ಟುಕೊಂಡು ಹಂಡೆಯ ಮುಂದೆ ಕೆಲಸ ಮಾಡಿದೆ. ಸಂಜೆಗೆ ಬಿಟ್ಟುಕೊಂಡಿತು. ಏಳುತ್ತದೆ! ಪುಡಿ ಮಾರುವವನು ಹೇಳಿದ್ದು ನಿಜ.

ಅತ್ತೆ ನೋಡಿ, ಏನೇ ಕಂಕುಳಲ್ಲಿ ಎಂದರು. ಬೊಕ್ಕೆ ಎಂದೆ.

ಮಾರ್ಚ್ ೩೧, ಮಂಗಳವಾರ

ಮಾಡಿಬಿಟ್ಟೆ.

ಮೊದಲು ಕತ್ತಿನ ಕಲೆ ತೆಗೆದೆ. ಅದು ಸಾರಿನ ಎಣ್ಣೆ. ಸೀಮೆಸುಣ್ಣದ ಪುಡಿಯಲ್ಲಿ ಹೀರಿಸಿ, ಸೋಪಿನ ನೀರಲ್ಲಿ ಅದ್ದಿ ತೆಗೆದೆ. ಗುರುತೂ ಉಳಿಯಲಿಲ್ಲ. ನನ್ನ ಕೈಯಿಂದ ಹೋಗುವ ಬಟ್ಟೆಯಲ್ಲಿ ಕಲೆ ಇರಬಾರದು. ಆಮೇಲೆ ಕುಂಚ ತೆಗೆದುಕೊಂಡು ದಾರದ ಗುಂಟ ಬಳಿದೆ. ಒಂದು ಹನಿಯೂ ಬಟ್ಟೆಗೆ ಹರಡಲಿಲ್ಲ. ಇಷ್ಟು ಚೊಕ್ಕವಾದ ಕೆಲಸ ನಾನು ಬೇರೆ ಯಾರಿಗೂ ಮಾಡಿಲ್ಲ.

ಅವಳು ನಿಲುವಂಗಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಕೈಯಲ್ಲಿ ನನ್ನ ಕೈಗವಸು. "ಹೊಸದರ ಹಾಗಿದೆ ಅಕ್ಕ" ಎಂದಳು. ಕಣ್ಣಲ್ಲಿ ನೀರು. ನಾಟಕ.

ಏಪ್ರಿಲ್ ೨, ಗುರುವಾರ

ಮೈದುನ ರಿಬ್ಬನ್ ಎಲ್ಲಿ ಕಟ್ಟೋಣ ಎಂದು ಕೇಳಿದ. ಎತ್ತರಕ್ಕೆ ಕಟ್ಟು, ಫೋಟೋದಲ್ಲಿ ಬೋರ್ಡೂ ಬರುತ್ತೆ ಎಂದೆ. ಒಳ್ಳೆ ತಲೆ ಅತ್ತಿಗೆ ನಿಮ್ಮದು ಎಂದು ಮೆಚ್ಚಿಕೊಂಡ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಯಾರಿಗೂ ಗೊತ್ತಾಗುವುದಿಲ್ಲ. ಹಳೆಯ ದಾರ ಎನ್ನುತ್ತಾರೆ.

ಏಪ್ರಿಲ್ ೩, ಶುಕ್ರವಾರ

ಹುಳಿ ನೀರನ್ನು ಹೊಲಿಗೆಗೆ ಒತ್ತಿ, ಆ ದಾರದ ಮೇಲೇ ಇನ್ನೊಂದು ಹೊಲಿಗೆ ಹಾಕಿದರೆ ಈಗಲೂ ಸರಿಹೋಗುತ್ತದೆ. ಸುಮ್ಮನೆ ಬರೆದೆ. ಮಾಡುವುದಿಲ್ಲ. ನಿಲುವಂಗಿ ಅವಳ ಬೀರುವಿನಲ್ಲಿದೆ. ಬೀರುವಿನ ಬಾಗಿಲು ಕಿರುಗುಟ್ಟುತ್ತದೆ, ಇವತ್ತು ತೆರೆದಾಗ ಅತ್ತೆಗೆ ಕೇಳಿಸಿತು. ಏನು ಬೇಕಿತ್ತು ಎಂದರು. ಸೂಜಿ ಎಂದೆ.

ಏಪ್ರಿಲ್ ೫, ಭಾನುವಾರ

ಎಲ್ಲವನ್ನೂ ಆದ ಹಾಗೇ ಬರೆಯುತ್ತೇನೆ.

ಹೊಸ ಅಂಗಡಿಯ ಮುಂದೆ ರಸ್ತೆ ತುಂಬ ಜನ. ಗೋಡೆಯ ಪಕ್ಕ ಬಿಟ್ಟರೆ ನೆರಳಿಲ್ಲ. ಅವಳು ನೀಲಿ ನಿಲುವಂಗಿ ತೊಟ್ಟು ಬಾಗಿಲಲ್ಲಿ ನಿಂತು ಎಲ್ಲರನ್ನೂ ಮಾತಾಡಿಸುತ್ತಿದ್ದಳು. ಹಣೆಯ ಮೇಲೆ ಬೆವರು ಮೂಡಿದ್ದು ಕಂಡಿತು. ಗಾಯಕಿಯೂ ಬಂದಿದ್ದರು; ಮೈದುನ ಮನೆಗೇ ಹೋಗಿ, ತಪ್ಪಾಯಿತು ಎಂದು ಕೇಳಿಕೊಂಡು ಕರೆದಿದ್ದ. ನನ್ನನ್ನು ಕಂಡು ಮುಖ ಆ ಕಡೆ ಮಾಡಿದರು. ಇರಲಿ, ಇನ್ನು ಸ್ವಲ್ಪ ಹೊತ್ತು ಎಂದುಕೊಂಡೆ.

ರಟ್ಟಿನ ತುಂಡೊಂದು ಹಿಡಿದು ಅವಳ ಪಕ್ಕ ನಿಂತು ಗಾಳಿ ಹಾಕಿದೆ. ಜನ ಇನ್ನೂ ಬರುತ್ತಿದ್ದರು, ಈಗಲೇ ಬೆವರಿ ಹೊಲಿಗೆ ಬಿಟ್ಟರೆ ನೋಡುವವರು ಕಡಿಮೆ. ಅತ್ತ ನೆರಳಿಗೆ ಬಾ ಎಂದು ತೋಳು ಹಿಡಿದು ಎಳೆದೆ. ನೀರು ಕುಡಿಸಿದೆ. ಯಾರೋ ಅವಳ ಹೆಗಲ ಮೇಲೆ ಕೈ ಹಾಕಲು ಬಂದಾಗ ನಡುವೆ ನುಗ್ಗಿದೆ. ಓರಗಿತ್ತಿಯರು ಅಂದ್ರೆ ಹೀಗಿರಬೇಕು ಎಂದು ಒಬ್ಬರು ಹೇಳಿದ್ದು ಕಿವಿಗೆ ಬಿತ್ತು. ನಗು ಬಂತು.

ಎಲ್ಲರೂ ಸೇರಿದರು. ಮೈದುನ ಕತ್ತರಿಯನ್ನು ಅವಳ ಕೈಗೆ ಕೊಟ್ಟ. ರಿಬ್ಬನ್ ನಾನು ಹೇಳಿದಷ್ಟೇ ಎತ್ತರದಲ್ಲಿತ್ತು. ಅವಳು ಕತ್ತೆತ್ತಿ ನೋಡಿದಳು. ತೋಳು ಎತ್ತಲು ಶುರು ಮಾಡಿದಳು.

ನಾನು ಕತ್ತರಿ ಕಿತ್ತುಕೊಂಡೆ.

ಯಾಕೆ ಎಂದು ಸಂಜೆಯಿಂದ ಕೇಳಿಕೊಳ್ಳುತ್ತಿದ್ದೇನೆ. ಫೋಟೋ ತೆಗೆಯುವವನು ಇನ್ನೂ ಸಿದ್ಧನಾಗಿರಲಿಲ್ಲ, ಅದಕ್ಕೇ ಇರಬೇಕು. ಕಿತ್ತುಕೊಂಡು, ತುದಿಗಾಲಲ್ಲಿ ನಿಂತು, ರಿಬ್ಬನ್ ಕತ್ತರಿಸಿಬಿಟ್ಟೆ. ಹಿಂದೆ ಯಾರೋ, ಪಾಪ ಹಿರಿಯವಳಿಗೆ ಆಸೆ ಎಂದರು. ಮೈದುನನ ಮುಖ ಕೆಂಪಾಯಿತು. ಕತ್ತರಿಗೂ ಜಗಳವೇ ಎಂದು ಅತ್ತೆ ಗೊಣಗಿದರು.

ಅವಳು ಸಿಟ್ಟಾಗುತ್ತಾಳೆ ಎಂದುಕೊಂಡೆ. ಸಿಟ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು! ಅವಳು ಎರಡು ತೋಳನ್ನೂ ಎತ್ತಿ ನನ್ನ ಕುತ್ತಿಗೆಗೆ ಹಾಕಿ ಅಪ್ಪಿಕೊಂಡಳು. "ನೀವೇ ಕತ್ತರಿಸ್ಬೇಕಿತ್ತು ಅಕ್ಕ. ನನಗೇ ಹೇಳೋಕೆ ಬಾಯಿ ಬರಲಿಲ್ಲ."

ದಾರ ಬಿಟ್ಟ ಸದ್ದು ನನಗೊಬ್ಬಳಿಗೇ ಕೇಳಿಸಿತು. ಕಂಕುಳಿಂದ ಬೆನ್ನಿನ ನಡುವಿನವರೆಗೆ. ನನ್ನ ಅಂಗೈ ಅವಳ ಬೆನ್ನ ಮೇಲಿತ್ತು, ಬಟ್ಟೆ ಎರಡು ಕಡೆ ಸರಿದು ಬರೀ ಮೈ ಸಿಕ್ಕಿತು. ಎರಡು ಅಂಗೈಗಳನ್ನೂ ಅಗಲಿಸಿ ಮುಚ್ಚಿಕೊಂಡೆ. ಅವಳು ಬಿಡಿಸಿಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ. "ಬಿಡಿ ಅಕ್ಕ, ಎಲ್ರೂ ನೋಡ್ತಿದಾರೆ" ಎಂದಳು. ನನಗೆ ಬೇಕಾಗಿದ್ದದ್ದೂ ಅದೇ ತಾನೆ, ಎಲ್ಲರೂ ನೋಡುವುದು. ಜನ ಚಪ್ಪಾಳೆ ತಟ್ಟಿದರು. ನಾನು ಅವಳನ್ನು ಹಾಗೇ ಅಪ್ಪಿಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆಸುತ್ತ, ಒಳಗಿನ ಕೋಣೆಗೆ ಕರೆದುಕೊಂಡು ಹೋದೆ.

ಅತ್ತೆ ಹಿಂದೆಯೇ ಬಂದರು. ಗಾಯಕಿಯೂ ಬಂದರು, ಏನೋ ಆಗಿದೆ ಎಂದು ಗೊತ್ತಾಗಿ, ಪಿನ್ನು ಹಿಡಿದು. ಅವಳು ನಿಲುವಂಗಿ ಕಳಚಿ, ಟವೆಲು ಹೊದ್ದು, ಹೊಲಿಗೆಯನ್ನು ಬೆಳಕಿಗೆ ಹಿಡಿದಳು. ಒಂದು ತಿಂಗಳಾದರೂ ಆ ಮೇಜಿನ ಮುಂದೆ ಕೂತಿದ್ದಾಳೆ. ಹರಿದ ದಾರದ ತುದಿ ಚೂಪಾಗಿರುತ್ತದೆ, ತಿಂದ ದಾರದ್ದು ನೆನೆದ ಹತ್ತಿಯಂತೆ ಮೆತ್ತಗಿರುತ್ತದೆ. ಬೆರಳಲ್ಲಿ ಒತ್ತಿ ನೋಡಿದಳು. ಹೊಲಿಗೆಯ ಗುಂಟ ಮಾತ್ರ ಹಾಗಿರುವುದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಗಾಯಕಿಯೂ ನನ್ನನ್ನೇ ನೋಡುತ್ತಿದ್ದರು. "ಇದೂ ಇವರು ತೊಳೆದಿದ್ದೇನಾ?" ಎಂದರು.

ನಾನು ಬಾಗಿಲ ಕಡೆ ನೋಡಿದೆ.

ಅವಳು ನನ್ನ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು: "ಅವರ ತಪ್ಪಲ್ಲ. ಪುಡಿ ಅದಲುಬದಲು ಮಾಡಿದ್ದು ನಾನು. ಅಕ್ಕನಿಗೆ ಗೊತ್ತಿರಲಿಲ್ಲ. ಅವತ್ತೂ ನಾನೇ, ಇವತ್ತೂ ನಾನೇ."

ಏಪ್ರಿಲ್ ೬, ಸೋಮವಾರ

ಕೆಲಸಕ್ಕೆ ಹೋಗಲಿಲ್ಲ. ತಲೆನೋವು ಎಂದೆ.

ಏಪ್ರಿಲ್ ೭, ಮಂಗಳವಾರ

ಮೈದುನ ಬಂದು, ತಪ್ಪಾಯ್ತು ಅತ್ತಿಗೆ ಎಂದ. ಮೇಜು ನಿಮ್ಮದೇ, ಹೊಸ ಅಂಗಡಿಯೂ ನಿಮ್ಮದೇ ಎಂದ. ಗಾಯಕಿ ಹೋದ ಕಡೆಯೆಲ್ಲ ಹೇಳುತ್ತಿದ್ದಾರಂತೆ, ಆ ಹೆಂಗಸಿಗೆ ಅನ್ಯಾಯ ಆಯಿತು ಎಂದು. ಇನ್ನೊಂದು ರೇಷ್ಮೆ ನಿಲುವಂಗಿಯನ್ನು ಕಳಿಸಿದ್ದಾರೆ, ನಾನೇ ತೊಳೆಯಬೇಕಂತೆ. ಹೆಂಡತಿಗೆ ಬೈದಿದ್ದಾನೆ, ಎರಡು ದಿನದಿಂದ ಮಾತು ಬಿಟ್ಟಿದ್ದಾನೆ. ಅವಳು ಹಿಂದಿನ ಕೋಣೆಯಲ್ಲಿ ಹೊದಿಕೆ ಕುದಿಸುತ್ತಿದ್ದಾಳೆ.

ಬೇಕಾದ್ದೆಲ್ಲ ಸಿಕ್ಕಿತು. ಹೆಸರು ಬಂತು, ಮೇಜು ಬಂತು, ಅವಳು ಜನರ ಮುಂದೆ ತಲೆ ತಗ್ಗಿಸಿದಳು. ಯೋಚನೆ ಮಾಡಿದ್ದಕ್ಕಿಂತ ಚೆನ್ನಾಗಿಯೇ ಆಯಿತು.

ಆದರೆ ಯಾವ ಮುಖ ಇಟ್ಟುಕೊಂಡು ಅವಳು ನನಗೆ ಉಪಕಾರ ಮಾಡಿದ್ದು? ಒಂದು ನಿಜ, ಅದಕ್ಕೆ ಒಂದು ಸುಳ್ಳು ಸೇರಿಸಿ, ಕಟ್ಟಿ ನನ್ನ ಕೈಗೆ ಕೊಟ್ಟಳು. ಇನ್ನು ಸಾಯುವ ತನಕ ಅವಳ ಮುಂದೆ ನಾನು ಬಾಗಿ ನಡೆಯಬೇಕು. ನಾನು ಅವಳ ದಾರ ತಿನ್ನಿಸಿದೆ. ಅವಳು ನನ್ನ ಕೋಪವನ್ನೇ ತಿಂದು ಹಾಕಿದಳು. ಬಿಡುವುದಿಲ್ಲ. ಇದಕ್ಕೂ ತೀರಿಸುತ್ತೇನೆ.

ಏಪ್ರಿಲ್ ೮, ಬುಧವಾರ

ಗಾಯಕಿಯ ಮನೆಗೆ ಹೋದೆ. ಅವರು ಪಿಯಾನೋದ ಮುಂದೆ ಕೂತು ಯಾರಿಗೋ ಪಾಠ ಹೇಳುತ್ತಿದ್ದರು. ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದುಕೊಂಡರು. ಕೈ ಬಿಡಿಸಿಕೊಂಡು ಹೇಳಿದೆ. ನಿಮ್ಮ ನಿಲುವಂಗಿಯ ವಿಷಯದಲ್ಲಿ ಅವಳು ಹೇಳಿದ್ದು ನಿಜ. ನೀಲಿಯದು ನನ್ನ ಕೆಲಸ. ಕೈತಪ್ಪಿದ್ದಲ್ಲ, ಬೇಕೆಂದೇ ಮಾಡಿದ್ದು. ಹೇಗೆ ಮಾಡಿದೆ ಎಂದೂ ಹೇಳಿದೆ, ಕುಂಚ, ಬೆಚ್ಚನೆ ನೀರು, ಎಲ್ಲ. ಹೇಳುವಾಗ ನನ್ನ ದನಿ ಪುಡಿ ಮಾರುವವನ ಹಾಗೆ ಹುರುಪಾಯಿತು, ಅದು ನನಗೇ ಗೊತ್ತಾಗಿ ನಿಲ್ಲಿಸಿದೆ.

ಅವರು ಪಿಯಾನೋದ ಮುಚ್ಚಳ ಹಾಕಿದರು. ಆಮೇಲೆ, "ನೀವಿನ್ನು ಹೊರಡಿ" ಎಂದರು. ಮಧ್ಯಾಹ್ನ ಅವರ ಡ್ರೈವರ್ ಬಂದು, ಕಳಿಸಿದ್ದ ನಿಲುವಂಗಿಯನ್ನು ವಾಪಸ್ ತೆಗೆದುಕೊಂಡು ಹೋದ. ಅಲ್ಲಿಗೆ ಬಂದ ಹೆಸರು ಒಂದೇ ದಿನಕ್ಕೆ ಮತ್ತೆ ಹೋಯಿತು.

ಸಂಜೆ ಹಿಂದಿನ ಕೋಣೆಗೆ ಹೋಗಿ ಅವಳಿಗೆ ಹೇಳಿದೆ, ನಿನ್ನ ಉಪಕಾರ ನನಗೆ ಬೇಡ, ತೀರಿಸಿ ಬಂದಿದ್ದೇನೆ. ಕೇಳಿ ಸಂಕಟ ಪಡುತ್ತಾಳೆ ಎಂದುಕೊಂಡಿದ್ದೆ. ಪಟ್ಟಳು. ಕೈಯಲ್ಲಿದ್ದ ಕೋಲನ್ನು ಹಂಡೆಯೊಳಗೇ ಬಿಟ್ಟಳು. ಈ ಮನೆಗೆ ಬಂದ ಮೇಲೆ ಮೊದಲ ಸಲ ಅವಳು ನನ್ನ ಮೇಲೆ ದನಿ ಎತ್ತಿದಳು.

"ಬಾಯಿ ಬಿಡಬೇಕಾದಾಗ ಬಿಡಲಿಲ್ಲ ಅಂತ ದಿನಾ ಸಾಯ್ತಿದ್ದೆ. ಕೊನೆಗೂ ಒಂದು ಒಳ್ಳೇ ಕೆಲಸ ಮಾಡಿದ್ದೆ ಅಕ್ಕ. ಅದನ್ನೂ ಹಾಳು ಮಾಡಿದ್ರಲ್ಲ."

"ನನ್ನ ಹೆಸರು ನೀನು ಹಾಳು ಮಾಡ್ಲಿಲ್ವಾ?"

"ಮಾಡಿದೆ. ಅದಕ್ಕೆ ನನ್ನನ್ನ ಬೈಯಿರಿ, ಹೊಡೀರಿ. ಅಮ್ಮ ಕೊಟ್ಟಿದ್ದ ಒಂದೇ ಒಂದು ಬಟ್ಟೆ ಅದು."

ಹೊದಿಕೆಗಳು ಕುದಿಯುತ್ತಿದ್ದವು. ಇಬ್ಬರೂ ಬಹಳ ಹೊತ್ತು ಕೂಗಾಡಿದೆವು. ಏನೇನು ಅಂದೆವು ಎಂದು ಬರೆಯುವುದಿಲ್ಲ, ಎಲ್ಲ ಹಳೆಯ ಮಾತುಗಳು, ಎಂದೋ ಆಡಬೇಕಿದ್ದವು. ಅತ್ತೆ ಬಾಗಿಲಿಗೆ ಬಂದು ಇಣುಕಿ, ಸದ್ಯ ಮಾತಾದರೂ ಶುರುವಾಯಿತು ಎಂದು ಹೋದರು.

ಏಪ್ರಿಲ್ ೧೧, ಶನಿವಾರ

ಗಾಯಕಿ ತಾವೇ ಬಂದರು. ತೋಳಿನ ಮೇಲೆ ಅದೇ ರೇಷ್ಮೆ ನಿಲುವಂಗಿ. ನನ್ನನ್ನೂ ಅವಳನ್ನೂ ಮೇಜಿನ ಹತ್ತಿರ ಕರೆಸಿದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಅವರ ಮುಂದೆಯೇ ಹೇಳಿದರು.

"ಈ ಊರಲ್ಲಿ ರೇಷ್ಮೆ ಗೊತ್ತಿರೋರು ನೀವೇ, ಬೇರೆ ದಾರಿ ಇಲ್ಲ. ಒಬ್ಬರು ತೊಳೀಬೇಕು, ಇನ್ನೊಬ್ಬರು ಪಕ್ಕದಲ್ಲೇ ನಿಂತು ನೋಡ್ಬೇಕು. ನಿಮ್ಮಲ್ಲಿ ಒಬ್ಬರನ್ನೇ ನಂಬೋ ಧೈರ್ಯ ನನಗಿಲ್ಲ."

ಗಿರಾಕಿಯೊಬ್ಬ ನಕ್ಕ. ಮೈದುನ ನೆಲ ನೋಡಿದ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಪಕ್ಕದಲ್ಲಿ ನೋಡಿದರೆ ಅವಳ ಮುಖವೂ ಹಾಗೇ ಇತ್ತು. ಒಬ್ಬಳೇ ತಲೆ ತಗ್ಗಿಸುವುದಕ್ಕಿಂತ ಅದು ವಾಸಿ.

ಮಧ್ಯಾಹ್ನ ತೊಟ್ಟಿ ತುಂಬಿಸಿದೆ. ಕುರ್ಚಿಯನ್ನು ಆಚೆ ಸರಿಸಿ ಅವಳು ನನ್ನ ಪಕ್ಕ ನಿಂತಳು. ನಾನು ಡಬ್ಬದಿಂದ ಪುಡಿ ತೆಗೆದು ಬೆರಳಲ್ಲಿ ಉಜ್ಜಿ, ಮೂಸಿ, ಸೋಪು ಎಂದೆ. ಅವಳು ನನ್ನ ಅಂಗೈ ಹಿಡಿದುಕೊಂಡು ತಾನೂ ಉಜ್ಜಿ, ತಾನೂ ಮೂಸಿ ನೋಡಿದಳು. ಇಷ್ಟಕ್ಕೂ ಸಮಾಧಾನವಾಗದೆ ಒಂದು ಮೊಟ್ಟೆ ಬೇಯಿಸಿಕೊಂಡು ಬಂದಳು. ಒಂದು ಚೂರನ್ನು ಲೋಟದಲ್ಲಿ ಹಾಕಿಟ್ಟು, ಅದು ಕರಗುವುದಿಲ್ಲ ಎಂದು ಖಾತರಿಯಾಗುವ ತನಕ ನಿಲುವಂಗಿ ಮುಟ್ಟಕೂಡದು ಎಂದಳು. ನನ್ನ ಮೇಲೆ ಅಷ್ಟು ಅನುಮಾನ! ಮೈಯೆಲ್ಲ ಉರಿಯಿತು.

ಆದರೆ ಕೆಲಸ ಕಲಿಯುತ್ತಿದ್ದಾಳೆ. ಕಾಯಲೇಬೇಕಾಗಿತ್ತು. ಅವಳು ಮಧ್ಯಾಹ್ನದ ಊಟ ಮಾಡಿರಲಿಲ್ಲ. ಉಳಿದ ಮೊಟ್ಟೆಗೆ ಉಪ್ಪು ಹಾಕಿ ಎರಡು ಪಾಲು ಮಾಡಿದೆ. ಅವಳು ತನ್ನ ಪಾಲನ್ನು ಬಿಟ್ಟು ನನ್ನದನ್ನು ತೆಗೆದುಕೊಂಡಳು, ನಾನು ತಿನ್ನುವುದನ್ನು ನೋಡಿದ ಮೇಲೆ ಬಾಯಿಗೆ ಹಾಕಿಕೊಂಡಳು.